ಸೀಮೆಸುಣ್ಣದ ಎರಡು ಗೆರೆ

ಅಣ್ಣ ಎಸೆದ ಸುತ್ತಿಗೆ ತಮ್ಮನ ಕಿವಿಯ ಪಕ್ಕದಲ್ಲೇ ಹಾದು, ಬೆಸುಗೆ ಶೆಡ್ಡಿನ ಸರಪಳಿಯಲ್ಲಿ ತೂಗುಹಾಕಿದ್ದ ಪಿಕಪ್ಪಿನ ಬಾಗಿಲಿಗೆ ಬಡಿಯಿತು. ನಿನ್ನೆ ಇಡೀ ದಿನ ಕೂತು ಬಡಿದು ನೇರ ಮಾಡಿದ್ದ ಬಾಗಿಲು. ಅಂಗೈ ಅಗಲದ ಗುಳಿ ಬಿತ್ತು.

"ಗೆರೆ ಎಳೆದಿರೋ ಕಡೆ ಕತ್ತರಿಸು ಅಂದೆ!" ಅಣ್ಣ ಕೂಗಿದ. "ನಿನ್ನ ಬುದ್ಧಿ ಯಾರೋ ಕೇಳಿದ್ದು?"

"ಬುದ್ಧಿ ಹೇಳ್ತಿಲ್ಲ ಅಣ್ಣ. ಹಿಂದಿನ ತೊಟ್ಟಿ ಇರೋದೇ ನಾಲ್ಕಡಿ. ಚಾಸಿಯ ಬಾಲ ಒಂದಡಿ ತೆಗೆದ್ರೆ ಆಗೋಯ್ತು. ನಡು ಕತ್ತರಿಸಿ ಮತ್ತೆ ಬೆಸೆಯೋದು ಯಾಕೆ ಅಂದೆ, ಅಷ್ಟೇ."

ಈ ಸಲ ಊರುಗೋಲು ಬಂತು. ಅದು ಗುರಿ ತಪ್ಪಲಿಲ್ಲ. ಪೈಪು ಬಗ್ಗಿಸಿ ಅಣ್ಣ ತಾನೇ ಮಾಡಿಕೊಂಡಿದ್ದ ಕಬ್ಬಿಣದ ಊರುಗೋಲು. ಭುಜದ ಮೂಳೆಯ ಮೇಲೆ ಬಿದ್ದ ಏಟಿಗೆ ತಮ್ಮನ ಕಣ್ಣು ಕತ್ತಲೆಗಟ್ಟಿತು. ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಕೂಗಿಕೊಂಡರೆ ಇನ್ನೊಂದು ಬೀಳುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು.

ಆರು ವರ್ಷದಿಂದ ಅವನು ಹೀಗೆ ಏಟು ತಿನ್ನುತ್ತಿದ್ದ. ತಿನ್ನುವುದೇ ನ್ಯಾಯ ಎಂದೂ ನಂಬಿದ್ದ. ಆವತ್ತು ಜೀಪು ಓಡಿಸುತ್ತಿದ್ದವನು ಅವನು. ಇಳಿಜಾರಿನಲ್ಲಿ ಗಾಡಿ ಎಡಕ್ಕೆ ಎಳೆದು ಕಂದಕಕ್ಕೆ ಉರುಳಿದಾಗ ಎಡಗಡೆ ಕೂತಿದ್ದವನು ಅಣ್ಣ. ಅವನ ಎಡಗಾಲು ಮಂಡಿಯ ಕೆಳಗೆ ಏನೂ ಉಳಿಯಲಿಲ್ಲ. "ಗಾಡಿ ತಾನೇ ಎಳೀತು" ಎಂದು ಆಸ್ಪತ್ರೆಯಲ್ಲಿ ತಮ್ಮ ಹತ್ತು ಸಲ ಹೇಳಿದ. ಓಡಿಸೋಕೆ ಬರದವನು ಗಾಡಿಯ ಮೇಲೆ ಗೂಬೆ ಕೂರಿಸುತ್ತಾನೆ ಎಂದು ಜನ ನಕ್ಕರು. ಹನ್ನೊಂದನೇ ಸಲ ಹೇಳುವಷ್ಟರಲ್ಲಿ ಅವನಿಗೇ ಅನುಮಾನ ಬಂದಿತ್ತು. ಅಲ್ಲಿಂದ ಅವನಿಗೆ ಅಡ್ಡಹೆಸರು ಬಿತ್ತು: ಕಾಲ್ನುಂಗ. ಹೆಣ್ಣು ಕೊಡುವವರು ಹಿಂದೆ ಸರಿದರು. ಗಿರಾಕಿಗಳು ಅವನ ಕೈಗೆ ಗಾಡಿಯ ಕೀಲಿಕೈ ಕೊಡುವುದನ್ನೂ ಬಿಟ್ಟರು.

ಮುರಿದ ಜೀಪಿನ ಎಂಜಿನ್ನು, ಗಾಲಿ ಎಲ್ಲ ಹೋದರೂ ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಯನ್ನು ಮಾತ್ರ ಅಣ್ಣ ಗುಜರಿಗೆ ಹಾಕಲು ಬಿಟ್ಟಿರಲಿಲ್ಲ. ಶೆಡ್ಡಿನ ಹಿಂದೆ ಹುಲ್ಲಿನಲ್ಲಿ ಬಿದ್ದಿತ್ತು. ಈಗ ಅದರ ಮೇಲೆ ಹಳೆಯ ಪಿಕಪ್ಪಿನ ತಲೆ ಕೂರಿಸಿ, ಹಿಂದಕ್ಕೊಂದು ಗಿಡ್ಡ ತೊಟ್ಟಿ ಕಟ್ಟಿ, ಕೈಯಲ್ಲೇ ಕ್ಲಚ್ಚು ಹಿಡಿಯುವಂತೆ ಮಾಡಿಕೊಂಡರೆ ಬೆಸುಗೆ ಸಾಮಾನು ಹೇರಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು ಎನ್ನುವುದು ಅಣ್ಣನ ಲೆಕ್ಕ. "ನನ್ನ ಕಾಲು ತಿಂದ ಗಾಡಿ ಇನ್ಮೇಲೆ ನನ್ನ ಹೊಟ್ಟೆ ತುಂಬಿಸ್ಲಿ" ಎಂದಿದ್ದ. ಪಕ್ಕದ ಟೈರಿನವನು ಬಂದು ನೋಡಿ, "ಇದಕ್ಕೆ ಅಪ್ಪ ಯಾರು, ಅಮ್ಮ ಯಾರು ಮೇಸ್ತ್ರಿ?" ಎಂದು ಕೇಳಿ ಬೈಸಿಕೊಂಡು ಹೋಗಿದ್ದ.

"ಊಟ ಮಾಡ್ಕೊಂಡು ಬರೋಷ್ಟರಲ್ಲಿ ಕೆಲಸ ಮುಗಿದಿರ್ಬೇಕು," ಅಣ್ಣ ಹೊರಡುತ್ತ ಹೇಳಿದ. "ಟಾರು ಕೆರೆಯೋಕೆ ಹೋಗ್ಬೇಡ. ಹಾಗೇ ಗ್ಯಾಸ್ ಹಿಡಿ. ಕತ್ತರಿಸಿದ ತುಂಡು ಎಲ್ಲೂ ಎಸೀಬೇಡ, ನನ್ನ ಕೈಗೆ ಕೊಡು."

ಚಾಸಿ ಸೊಂಟದೆತ್ತರದ ಮರದ ದಿಮ್ಮಿಗಳ ಮೇಲೆ ಮಲಗಿತ್ತು: ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುನಡುವೆ ಅಡ್ಡಪಟ್ಟಿ. ಎಡಗಡೆಯ ತೊಲೆಯ ನಡುವಿನಲ್ಲಿ ಒಂದು ಮೊಳದ ಅಂತರಕ್ಕೆ ಅಣ್ಣ ಎಳೆದ ಸೀಮೆಸುಣ್ಣದ ಎರಡು ಗೆರೆ. ತಮ್ಮ ಕಬ್ಬಿಣ ಕತ್ತರಿಸುವ ಗ್ಯಾಸಿನ ಕೊಳವೆ ಹಿಡಿದು ಕೂತ. ತುಕ್ಕು ಹಿಡಿಯದಂತೆ ಮೇಲೆ ಬಳಿದ ಟಾರಿಗೆ ಬೆಂಕಿ ಹಿಡಿದರೆ ಹೊತ್ತಿಕೊಂಡು ಶೆಡ್ಡು ತುಂಬ ಹೊಗೆ. ಕೆರೆಯದೆ ಕಬ್ಬಿಣಕ್ಕೆ ಬೆಂಕಿ ತೋರಿಸುವವನು ಕೆಲಸಗಾರನೇ ಅಲ್ಲ ಎಂದು ಹನ್ನೆರಡನೇ ವಯಸ್ಸಿನಲ್ಲಿ ಅವನ ಕಿವಿ ಹಿಂಡಿ ಕಲಿಸಿದವನು ಇದೇ ಅಣ್ಣ. ಬೇಡ ಎಂದರೂ ಕೈ ಕೇಳಲಿಲ್ಲ. ಕೊಳವೆ ಬದಿಗಿಟ್ಟು ಉಳಿ ತೆಗೆದುಕೊಂಡ.

ಎರಡು ಏಟಿಗೇ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಉಳಿದ ಕಡೆ ಟಾರು ಹಪ್ಪಳದಂತೆ ಏಳುತ್ತಿತ್ತು. ಈ ಒಂದು ಮೊಳದಲ್ಲಿ ಮಾತ್ರ ಬೆರಳು ದಪ್ಪ. ಕಾರ್ಖಾನೆಯ ಟಾರಲ್ಲ, ಯಾರೋ ಕೈಯಲ್ಲಿ ಬಳಿದದ್ದು. ಅದರಡಿಯಲ್ಲಿ ಗ್ರೀಸು. ಗ್ರೀಸನ್ನು ಬಟ್ಟೆಯಲ್ಲಿ ಒರೆಸಿದ. ಬೆಸುಗೆ ಕಂಡಿತು.

ಯಾರ ಬೆಸುಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮೀನಿನ ಹುರುಪೆ ಜೋಡಿಸಿದ ಹಾಗೆ ಒಂದರ ಮೇಲೊಂದು ಸಮನಾಗಿ ಕೂತ ಅಲೆ. ಸುತ್ತಲಿನ ಹತ್ತು ಶೆಡ್ಡುಗಳಲ್ಲಿ ಅಂಥ ಕೈ ಒಂದೇ, ಅಣ್ಣನದು. ಆದರೆ ತೊಲೆಯನ್ನು ಓರೆಯಾಗಿ ಕತ್ತರಿಸುವ ಬದಲು ನೆಟ್ಟಗೆ ಅಡ್ಡಕ್ಕೆ ಕತ್ತರಿಸಿ ಕೂಡಿಸಿದ್ದ. ಬಲ ಕೊಡಲು ಮೇಲೆ ಉಕ್ಕಿನ ಪಟ್ಟಿ ಇಟ್ಟಿರಲಿಲ್ಲ. ತಮ್ಮನಿಗೆ ನೆನಪಾಯಿತು: ಗಾಡಿ ಉರುಳುವ ತಿಂಗಳ ಮೊದಲು ತೊಲೆ ಸೀಳಿತ್ತು, ಯಾವುದೋ ಅವಸರದಲ್ಲಿ ಅಣ್ಣ ಬೆಸೆದಿದ್ದ, ಪಟ್ಟಿ ಆಮೇಲೆ ಹಾಕಿದರಾಯಿತು ಎಂದಿದ್ದ. ಆ ಆಮೇಲೆ ಬರಲೇ ಇಲ್ಲ.

ಅವನು ಟಾರ್ಚು ಹಿಡಿದು ಕೆಳಗೆ ನುಸುಳಿದ. ಬೆಸುಗೆ ಕೆಳಗಿನಿಂದ ಮುಕ್ಕಾಲು ಪಾಲು ಬಿರಿದಿತ್ತು. ಮೇಲಿನ ಒಂದು ಅಂಚು ಮಾತ್ರ ಹಿಡಿದುಕೊಂಡಿತ್ತು. ಬಿದ್ದಾಗ ಮುರಿದಿದ್ದರೆ ಇಡೀ ಬಿರುಕು ಒರಟಾಗಿರಬೇಕಿತ್ತು. ಇದು ಹಾಗಿರಲಿಲ್ಲ. ಎರಡು ತುದಿಗಳೂ ದಿನಗಟ್ಟಲೆ ಒಂದನ್ನೊಂದು ಉಜ್ಜಿ ಉಜ್ಜಿ ನುಣುಪಾಗಿದ್ದವು. ಅಂದರೆ ಗಾಡಿ ಉರುಳುವುದಕ್ಕೆ ಎಷ್ಟೋ ದಿನ ಮೊದಲೇ ಅದು ಬಿಟ್ಟುಕೊಂಡಿತ್ತು. ಗಾಡಿ ತಾನೇ ಎಳೆದಿತ್ತು.

ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಅವನ ಕಣ್ಣು ಟಾರಿನ ಮೇಲೆ, ಆಮೇಲೆ ಗೆರೆಗಳ ಮೇಲೆ ಹೋಯಿತು. ಬೆಸುಗೆಗೆ ಈ ಕಡೆ ಅರ್ಧ ಮೊಳ, ಆ ಕಡೆ ಅರ್ಧ ಮೊಳ. ಬೆಸುಗೆಯನ್ನೇ ಕತ್ತರಿಸಿ ತೆಗೆಸಲು ಎಳೆದ ಗೆರೆಗಳು.

ಟಕ್ ಟಕ್ ಎಂದು ಊರುಗೋಲಿನ ಸದ್ದು ಬಾಗಿಲಲ್ಲಿ ನಿಂತಿತು. "ಕೆರೀಬೇಡ ಅಂದಿದ್ದೆ," ಅಣ್ಣ ಮೆಲ್ಲಗೆ ಹೇಳಿದ.

ತಮ್ಮ ಹೊರಗೆ ಬಂದು ಎದ್ದು ನಿಂತ. "ನಿಂಗೆ ಗೊತ್ತಿತ್ತು."

ಮೊದಲ ಏಟು ಬಾಯಿಗೆ ಬಿತ್ತು. ಹಲ್ಲೊಂದು ಮುರಿದು ನಾಲಗೆಯ ಮೇಲೆ ಕೂತಿತು. ಎರಡನೆಯದು ಪಕ್ಕೆಗೆ. ಮೂರನೆಯದಕ್ಕೆ ಅಣ್ಣ ಎತ್ತಿದ ಊರುಗೋಲನ್ನು ತಮ್ಮ ಗಾಳಿಯಲ್ಲೇ ಹಿಡಿದ. ಆರು ವರ್ಷದಲ್ಲಿ ಅದು ಮೊದಲ ಸಲ. ಆಮೇಲೆ ತಮ್ಮ ಅದನ್ನು ಕಿತ್ತು ಚಾಸಿಯ ಅಡಿಯಿಂದ ಆಚೆ ಗೋಡೆಗೆ ಎಸೆದ. ಆಸರೆ ತಪ್ಪಿದ ಅಣ್ಣ ಬೀಳುತ್ತ ಅವನ ಕೊರಳಪಟ್ಟಿ ಹಿಡಿದು ಎಳೆದುಕೊಂಡೇ ಬಿದ್ದ. ಕಬ್ಬಿಣದ ಪುಡಿಯಲ್ಲಿ ಇಬ್ಬರೂ ಹೊರಳಿದರು. ಅಣ್ಣನ ತೋಳು ತೊಲೆಯಂತೆ ಗಟ್ಟಿ. ತಮ್ಮನ ಗಂಟಲು ಅಮುಕಿ ಹಿಡಿದ. ತಮ್ಮ ಹಣೆಯಿಂದ ಅವನ ಮೂಗಿಗೆ ಗುದ್ದಿದ. ಏನೋ ಕಟಕ್ ಎಂದಿತು, ಬಿಸಿ ರಕ್ತ ಇಬ್ಬರ ಮುಖಕ್ಕೂ ಹರಿಯಿತು. ಹಿಡಿತ ಸಡಿಲವಾದದ್ದೇ ತಮ್ಮ ಎದೆಯ ಮೇಲೆ ಕೂತು ಗುದ್ದಿದ, ಲೆಕ್ಕವಿಲ್ಲದೆ ಗುದ್ದಿದ. ಕೈಗೆ ಸುತ್ತಿಗೆ ಸಿಕ್ಕಿತು. ಹಿಂದಕ್ಕೆ ಸರಿದು, ಅಣ್ಣನಿಗೆ ಉಳಿದಿದ್ದ ಒಂದೇ ಕಾಲಿನ ಮಂಡಿಯ ಮೇಲೆ ಅದನ್ನು ಎತ್ತಿದ.

"ಹೊಡಿ," ಅಣ್ಣ ರಕ್ತ ಉಗುಳಿದ. "ಆಸ್ಪತ್ರೆಯಿಂದ ಬಂದ ವಾರಕ್ಕೇ ನೋಡಿದ್ದೆ. ನಾನೇ ಟಾರು ಬಳಿದೆ."

"ಯಾಕೆ? ಯಾಕೋ?"

ಅಣ್ಣನನ್ನು ಅವನು ಹುಟ್ಟಿದ ಮೇಲೆ ಒಮ್ಮೆಯೂ 'ಯಾಕೋ' ಎಂದು ಕೇಳಿರಲಿಲ್ಲ.

"ಕಾಲು ಹೋಗಿತ್ತು. ಮೇಸ್ತ್ರಿಯ ಕೈನೂ ಹೋಯ್ತಂತೆ ಅಂತ ಜನ ಅಂದಿದ್ರೆ ಆಮೇಲೆ ನಾನು ಏನಾಗ್ತಿದ್ದೆ? ನೀನು ಹುಡುಗ, ತಡ್ಕೋತೀಯ ಅನ್ಕೊಂಡೆ."

"ತಡ್ಕೊಂಡೆನಲ್ಲ! ತಡ್ಕೊಂಡವನನ್ನ ಮತ್ತೆ ದಿನಾ ಹೊಡೆದಿದ್ದು ಯಾಕೆ?"

ಅಣ್ಣನ ಮುರಿದ ಮೂಗಿನಲ್ಲಿ ಉಸಿರು ಗೊರಗೊರ ಎನ್ನುತ್ತಿತ್ತು. "ನಿನ್ನ ಮುಖ ನೋಡಿದಾಗೆಲ್ಲ ನೆನಪಾಗ್ತಿತ್ತು," ಎಂದ.

ಸುತ್ತಿಗೆ ಇಳಿಯಿತು. ಮಂಡಿಯ ಮೇಲಲ್ಲ. ತಮ್ಮ ಎದ್ದು ತಿರುಗಿ ತೊಲೆಗೆ ಬಡಿದ. ಒಂದು, ಎರಡು, ಮೂರು. ಭುಜದ ನೋವಿಗೆ ಪ್ರತಿ ಏಟಿಗೂ ಅವನೇ ಚೀರುತ್ತಿದ್ದ. ಟಾರಿನ ಚೂರು, ತುಕ್ಕು ಉದುರಿದವು. ಹಿಡಿದುಕೊಂಡಿದ್ದ ಕೊನೆಯ ಅಂಚೂ ಹರಿದು, ತೊಲೆಯ ಎರಡು ತುದಿಗಳು ಬೆರಳಗಲ ಬಾಯಿಬಿಟ್ಟವು. ಅವನು ಸುತ್ತಿಗೆ ಬಿಟ್ಟು ಗೋಡೆಗೊರಗಿ ಕುಸಿದು ಕೂತ. ಅಳು ಬಂತು. ಮುಚ್ಚಿಕೊಳ್ಳಲಿಲ್ಲ.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕೈಯಲ್ಲಿ ತಮ್ಮನ ಊಟದ ತಟ್ಟೆ.

"ಊರುಗೋಲು ಕೊಡೇ," ಅಣ್ಣ ನೆಲದಿಂದ ಹೇಳಿದ.

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಸೆರಗನ್ನು ನೀರಿಗೆ ಅದ್ದಿ ತಂದು ಮೈದುನನ ಪಕ್ಕ ಕೂತು ಅವನ ಬಾಯಿ ಒರೆಸತೊಡಗಿದಳು. ಆರು ವರ್ಷ ಅವಳೂ ಅವನೊಂದಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

"ಕೇಳಿಸ್ತಿಲ್ವಾ? ಅದನ್ನ ಕೊಡು ಅಂದೆ."

ತಮ್ಮ ಅಭ್ಯಾಸದಿಂದ ಏಳಲು ಹೋದ. ಅತ್ತಿಗೆ ಅವನ ಏಟು ಬೀಳದ ಭುಜದ ಮೇಲೆ ಕೈಯಿಟ್ಟು, "ಕೂತ್ಕೊ," ಎಂದಳು.

ಅಣ್ಣ ಇಬ್ಬರನ್ನೂ ನೋಡಿದ. ಆಮೇಲೆ ಮೊಣಕೈ ಊರಿ ತೆವಳತೊಡಗಿದ. ಊರುಗೋಲು ಚಾಸಿಯ ಆಚೆ ಬಿದ್ದಿತ್ತು, ಅಡಿಯಿಂದಲೇ ಹೋಗಬೇಕು. ಕಬ್ಬಿಣದ ಪುಡಿಯ ಮೇಲೆ ಅವನ ಅಂಗಿ ಸರಸರ ಎಂದಿತು. ತೊಲೆಯ ಕೆಳಗೆ ಬಂದಾಗ ಆ ಸದ್ದು ನಿಂತಿತು. ಸುಸ್ತಾಯಿತೋ ಏನೋ ಎಂದು ತಮ್ಮ ಬಗ್ಗಿ ನೋಡಿದ. ಅಣ್ಣ ಅಂಗಾತ ಹೊರಳಿ ಮಲಗಿದ್ದ. ಊರುಗೋಲು ಎರಡು ಗೇಣು ದೂರದಲ್ಲಿತ್ತು. ಅವನು ಬಲಗೈ ಮೇಲೆತ್ತಿ, ಬಿಟ್ಟುಹೋದ ತನ್ನ ಬೆಸುಗೆಯ ನುಣುಪಾದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ, ಅತ್ತಿಂದಿತ್ತ, ಇತ್ತಿಂದತ್ತ.