ಖಾಲಿ ಚಾಪೆ

ದೂರದೇಶದ ಮಳೆಕಾಡಿನಲ್ಲಿ ಹರಿಯುವ ಉಕಯಾಲಿ ನದಿಯ ದಡದ ಆ ಊರಿನಲ್ಲಿ, ಕುಡಿದವರ ಕಣ್ಣಿಗೆ ದರ್ಶನಗಳನ್ನು ತರಿಸುವ ಅಯವಾಸ್ಕ ಬಳ್ಳಿಯ ಕಷಾಯವನ್ನು ಹಿಂದೆಲ್ಲ ಕುಡಿಯುತ್ತಿದ್ದವರು ವೈದ್ಯರು ಮಾತ್ರ. ಕುಡಿದು, ರೋಗ ಎಲ್ಲಿ ಕೂತಿದೆಯೆಂದು ಕಂಡು, ಅದು ಬಿಟ್ಟುಹೋಗಲೆಂದು ಹಾಡುತ್ತಿದ್ದರು. ರೋಗಿ ಸುಮ್ಮನೆ ಮಲಗಿರುತ್ತಿದ್ದ. ಮುದುಕಿ ಇನಿನ್ ಬಿಮಾ ಈಗಲೂ ಹಾಗೆಯೇ ಮಾಡುತ್ತಿದ್ದಳು. ಪರದೇಶದವರು ಬಂದು ನಮಗೂ ಕೊಡು ಎಂದು ಪೀಡಿಸಿ, ಅವಳು ಒಲ್ಲೆನೆಂದರೆ ಎದುರು ದಡದ ವಸತಿಗೃಹಕ್ಕೆ ಹೋಗುತ್ತಿದ್ದರು. ಅಲ್ಲಿ ಕೇಳಿದವರಿಗೆಲ್ಲ ತುಂಬಿದ ಬಟ್ಟಲು.

"ಔಷಧೀನ ಸಿನಿಮಾ ಅಂದ್ಕೊಂಡವ್ರೆ. ಪೀಡೆ ತೊಲಗ್ತು, ಬಿಡು," ಎಂದು ಮುದುಕಿ ಪೈಪು ಹಚ್ಚುತ್ತಿದ್ದಳು.

ಈ ಸಲ ಬಂದು ಚಾಪೆಯ ಮೇಲೆ ಮಲಗಿದವಳು ಅವಳ ಸ್ವಂತ ಮಗಳು ಪೆಕೊನ್. ಊಟ ಸೇರದೆ ಕಡ್ಡಿಯಾಗಿದ್ದಳು. ಮುದುಕಿ ಕಷಾಯ ಕುಡಿದು, ತಂಬಾಕಿನ ಹೊಗೆ ಊದಿ, ಕಣ್ಣು ಮುಚ್ಚಿದಳು. ಮಗಳು ಮೊಣಕೈ ಊರಿ ಎದ್ದಳು.

"ನನ್ ಬಟ್ಟಲೆಲ್ಲವ್ವಾ?"

"ನಿಂಗ್ಯಾಕೇ? ಕಾಣ್ಬೇಕಾದೋಳು ನಾನು. ನೀನು ಮಲ್ಕೋ."

"ನೀನು ಕುಡಿದ್ರೆ ನಂಗೆ ಹೆಂಗವ್ವಾ ವಾಸಿಯಾಗುತ್ತೆ? ಆ ದಡದಲ್ಲಿ ಎಲ್ರಿಗೂ ಕೊಡ್ತಾರೆ."

ಮುದುಕಿ ಪೈಪು ಕೆಳಗಿಡುವಷ್ಟರಲ್ಲಿ ಮಗಳು ಗೋಡೆ ಹಿಡಿದುಕೊಂಡು ಹೊರನಡೆದಿದ್ದಳು. ಸ್ವಲ್ಪ ಹೊತ್ತಿಗೆ ಎದುರು ದಡದತ್ತ ಹೊರಟ ದೋಣಿಯ ಮೋಟಾರಿನ ಸದ್ದು ಕೇಳಿಸಿತು.

ಕಷಾಯ ಹೊಟ್ಟೆಯೊಳಗೆ ಇಳಿದಾಗಿತ್ತು. ಮಗಳ ರೋಗ ಎಲ್ಲಿ ಕೂತಿದೆಯೆಂದು ಮುದುಕಿಗೆ ಈಗ ನಿಚ್ಚಳವಾಗಿ ಕಂಡಿತು. ಅವಳು ಖಾಲಿ ಚಾಪೆಗೆ ಹಾಡತೊಡಗಿದಳು.