ಕೀಲಿ ಹಾಕಿದ ಊರು

ಬೆಟ್ಟದ ಮೇಲಿನ ಊರಿನಿಂದ ಒಲೆಯ ಹೊಗೆ ಏಳುತ್ತಿರುವುದನ್ನು ಕಂಡು ಸುಭಾಸ ಗಾಡಿ ನಿಲ್ಲಿಸಲು ಹೇಳಿದ. ಈ ಊರಿನ ಭೂಗೋಳ, ಇತಿಹಾಸ ಎರಡನ್ನೂ ಆರು ತಿಂಗಳ ಹಿಂದೆ ಸರ್ವೆ ವರದಿಯಲ್ಲಿ ಬರೆದು ಮುಗಿಸಿದ್ದವನು ಅವನೇ. ಅರಬ್ಬಿ ನಾಡಿನ ಖಸಬ್ ಬಂದರಿನ ಮೇಲಿನ ಗುಡ್ಡ, ಕಲ್ಲಿನ ಮನೆ ಹದಿನಾಲ್ಕು, ಮಳೆನೀರಿನ ತೊಟ್ಟಿ ಒಂದು. ಕೊನೆಯ ಸಾಲು: ‘ಜನ ಬಿಟ್ಟುಹೋದ ಊರು. ಜನಸಂಖ್ಯೆ ಸೊನ್ನೆ.’ ಆ ಸೊನ್ನೆಯನ್ನು ನಂಬಿ ಗುಡ್ಡವನ್ನು ಕಲ್ಲುಕ್ವಾರಿಗೆ ಕೊಟ್ಟಾಗಿತ್ತು. ಭಾನುವಾರ ಮೊದಲ ಬ್ಲಾಸ್ಟಿಂಗ್. ಇವತ್ತು ಗುರುವಾರ, ಸುಭಾಸ ಗಡಿಯ ಗೂಟ ನೆಡಲು ಬಂದಿದ್ದ.

ಜೊತೆಗಿದ್ದ ಡ್ರೈವರ್ ಮಮ್ಮದ್ ಉಳ್ಳಾಲದವನು, ಅರಬ್ಬಿ ಮಾತು ಅವನಿಗೆ ನೀರು ಕುಡಿದಷ್ಟು ಸಲೀಸು. ಮುದುಕನೊಬ್ಬ ಇಬ್ಬರನ್ನೂ ಕೂರಿಸಿ ಕಾಫಿ, ಒಂದು ತಟ್ಟೆ ಖರ್ಜೂರ ಕೊಟ್ಟ. ಸುತ್ತ ಬಾರ್ಲಿ ಪೈರು ಮೊಣಕಾಲುದ್ದ ನಿಂತಿತ್ತು. ಬೇಸಿಗೆ ಬಂದರೆ ತೊಟ್ಟಿ ಬತ್ತುತ್ತದೆ, ಕೆಳಗೆ ಖಸಬ್‌ನಲ್ಲಿ ಖರ್ಜೂರ ಹಣ್ಣಾಗುತ್ತದೆ, ಆಗ ಊರಿಗೆ ಊರೇ ಕಾಳನ್ನು ಮನೆಯೊಳಗಿಟ್ಟು ಕೀಲಿ ಹಾಕಿ ಇಳಿಯುತ್ತದೆ, ಮಳೆ ಬಿದ್ದ ಮೇಲೆ ಮತ್ತೆ ಹತ್ತುತ್ತದೆ ಎಂದು ಮುದುಕ ಹೇಳಿದ. ಮುತ್ತಜ್ಜನ ಕಾಲದಿಂದಲೂ ಹೀಗೇ ಅಂತೆ. ಅರ್ಧ ನೆಲದೊಳಗೆ ಹುಗಿದ ಮನೆಯೊಂದರ ಬಾಗಿಲು ತೆಗೆದು ತೋರಿಸಿದ. ಒಳಗೆ ಬಾಗಿಲಿಗಿಂತ ದೊಡ್ಡ ಮಣ್ಣಿನ ಗುಡಾಣದಂಥ ವಾಡೆಗಳು, ತುಂಬ ಕಾಳು. ವಾಡೆ ಇಟ್ಟ ಮೇಲೆಯೇ ಗೋಡೆ ಕಟ್ಟಿದ್ದು.

ಜುಲೈನಲ್ಲಿ ಬೇರೆ ಡ್ರೈವರ್ ಜೊತೆ ಬಂದಾಗ ಸುಭಾಸ ಆ ಬಾಗಿಲಿನ ಕೀಲಿಯ ಫೋಟೋ ಕೂಡ ತೆಗೆದಿದ್ದ. ಪಾಳು ಮನೆಗೆ ಯಾರಾದರೂ ಕೀಲಿ ಹಾಕುತ್ತಾರೆಯೇ ಎಂದು ಮಾತ್ರ ಹೊಳೆದಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದೆಲ್ಲ ಆಫೀಸಿನ ಸಾಹೇಬರ ಬಾಯಿಮಾತಾಗಿಯೇ ಉಳಿದಿತ್ತು.

ಇನ್ಯಾರೋ ಮಾಡಿದ್ದರೆ ಮಾತು ಬೇರೆ. ಬಾಗಲಕೋಟೆ ಕಡೆಯ ಅವನ ಊರು ಹಿನ್ನೀರಿಗೆ ಹೋಗುವ ಮುಂಚೆ ಸರ್ವೆಯವರು ಬಂದಿದ್ದರು. ಅಜ್ಜಿ ದ್ಯಾಮವ್ವ ಮಗಳ ಬಾಣಂತನಕ್ಕೆ ಹೋಗಿದ್ದಳು. ಮನೆಗೆ ಕೀಲಿ ಇತ್ತು. ‘ಪಾಳು’ ಎಂದು ಬರೆದುಕೊಂಡು ಹೋದರು, ಪರಿಹಾರ ಬರಲಿಲ್ಲ. “ಕೀಲಿ ಹಾಕಿದ ಮನಿ ಪಾಳ ಮನಿ ಅಲ್ಲೋ ತಮ್ಮಾ,” ಎಂದು ಸಾಯುವ ತನಕ ಹೇಳಿದಳು ಮುದುಕಿ. ಅದನ್ನು ಕೇಳಿ ಕೇಳಿಯೇ ಸುಭಾಸ ಸರ್ವೆ ಕಲಿತದ್ದು. ಈಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಬೌಷರ್‌ನಲ್ಲಿದ್ದ ಕಂಪನಿಯ ಆಫೀಸಿಗೆ ಫೋನು ಹಚ್ಚಿದ. ಮ್ಯಾನೇಜರ್ ರಾಜಗೋಪಾಲ ಒಳ್ಳೆಯ ಮನುಷ್ಯ. ಬ್ಲಾಸ್ಟಿಂಗ್ ನಿಲ್ಲಿಸಬಹುದು, ಆದರೆ ತಪ್ಪು ಯಾರದೆಂದು ಬರವಣಿಗೆಯಲ್ಲಿ ಕೊಡಬೇಕು, ಕೊಟ್ಟರೆ ನಿನ್ನ ವೀಸಾ ಖಲಾಸ್, ಯೋಚನೆ ಮಾಡು ಅಂದರು.

“ನನ್ನ ಹೆಸರೇ ಹಾಕ್ರಿ ಸರ್. ಮೊದಲು ನಿಲ್ಲಸ್ರಿ.”

ಹತ್ತು ನಿಮಿಷಕ್ಕೆ ತಿರುಗಿ ಫೋನು ಬಂತು. ಬ್ಲಾಸ್ಟಿಂಗ್ ನಿಂತಿತ್ತು. ಆಮೇಲೆ ಸುಭಾಸ ತಾನು ಮಾಡಿದ್ದನ್ನು ಮುದುಕನಿಗೆ ಹೇಳು ಎಂದಾಗ ಮಮ್ಮದ್ ಹಿಂದೆಗೆದ.

“ನಿಂತಿತಲ್ಲ ಮಾರಾಯ್ರೆ, ಇನ್ನು ಇವರಿಗೆ ಯಾಕೆ ಹೇಳುವುದು?”

“ಇಷ್ಟೂ ಮಂದಿನ್ನ ನಾನು ಸೊನ್ನೆ ಅಂತ ಬರದಿದ್ದೆ. ಅಷ್ಟು ಹೇಳು.”

ಮಮ್ಮದ್ ಹೇಳಿದ. ಮುದುಕ ಸುಭಾಸನ ಮುಖ ನೋಡಿ ಮೆಲ್ಲಗೆ ಏನೋ ಅಂದ. ಅದನ್ನು ಕನ್ನಡಕ್ಕೆ ತರುವಾಗ ಮಮ್ಮದನ ದನಿಯೂ ಇಳಿದಿತ್ತು.

“ಜುಲೈಯಲ್ಲಿ ಖಸಬ್‌ನ ತೋಟದಲ್ಲಿ ನಿಮಗೆ ಖರ್ಜೂರ ಕೊಟ್ಟದ್ದು ಇವರೇ ಅಂತೆ. ಎಲ್ಲಿಗೆ ಅಂತ ಕೇಳಿದ್ದಕ್ಕೆ ನೀವು ಬೆಟ್ಟದ ಕಡೆ ಕೈ ತೋರಿಸಿದ್ರಂತೆ. ನಿಮ್ಮ ಊರು ಯಾವುದು ಅಂತ ನೀವು ಇವರನ್ನು ಕೇಳಲಿಲ್ಲವಂತೆ.”

ಸುಭಾಸನಿಗೆ ನೆನಪಿತ್ತು. ಆ ದಿನ ಅವನು ಎರಡು ಸಲ ಕೇಳಿ ಹಾಕಿಸಿಕೊಂಡು ತಿಂದಿದ್ದ. ಮುದುಕ ಖರ್ಜೂರದ ತಟ್ಟೆಯನ್ನು ಮತ್ತೆ ಅವನ ಮುಂದೆ ಸರಿಸಿದ. ಸುಭಾಸನಿಗೆ ಕೈ ಚಾಚಲು ಆಗಲಿಲ್ಲ.