ಗುಲಾಬಿ ಬಸ್ಸು

"ಎಲ್ಲಮ್ಮೀ ಗಂಟು? ಎಡಕ್ಕೋ ಬಲಕ್ಕೋ? ತೋರ್ಸು, ನಾನೇ ನೋಡಿ ರಜಾ ಕೊಡ್ತೀನಿ."

ಮೇಸ್ತ್ರಿ ಚಲುವರಾಜು ಇದನ್ನು ಗುಟ್ಟಾಗಿ ಕೇಳಲಿಲ್ಲ. ಜಯನಗರದ ಪಾರ್ಕಿನ ಗೇಟಿನ ಮುಂದೆ, ಬೆಳಗಿನ ಆರು ಗಂಟೆಗೆ, ಹಾಜರಿಗೆ ನಿಂತ ಹದಿನೆಂಟು ಜನರ ಎದುರು ಗಂಟಲೆತ್ತಿ ಕೇಳಿದ. ಕಸದ ಆಟೋ ಡ್ರೈವರುಗಳು ಕಿಸಕ್ಕನೆ ನಕ್ಕರು. ಹುಲಿಗೆವ್ವ ಸೆರಗನ್ನು ಹಸಿರು ಕೋಟಿನೊಳಗೆ ಇನ್ನಷ್ಟು ತುರುಕಿಕೊಂಡಳು.

"ಒಂದ ದಿನಾ ರೀ ಸರ. ದವಾಖಾನಿಗೆ ಹೋಗಿ ಬಂದಬಿಡ್ತೀನಿ. ನೀರ ಸೋರಾಕತ್ತೈತಿ."

"ನೀರು ಸೋರಿದ್ರೆ ಪ್ಲಂಬರ್ ಕರ್ಸು!"

ಮತ್ತೆ ನಗೆ. ಈ ಸಲ ನಮ್ಮ ಹೆಂಗಸರಲ್ಲೂ ಇಬ್ಬರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಮೇಸ್ತ್ರಿ ಹೇಳಿದ್ದಕ್ಕೆ ನಗದಿದ್ದರೆ ಅವನು ಅದನ್ನೂ ನೆನಪಿಟ್ಟುಕೊಳ್ಳುತ್ತಾನೆ.

"ಹೋದ್ ತಿಂಗ್ಳೂ ಒಂದಿನ ತಪ್ಪಿಸ್ಕಂಡಿದ್ದೀಯ. ಇನ್ನೊಂದಿನ ಹೋದ್ರೆ ನಿನ್ ಜಾಗದಲ್ಲಿ ಬೇರೆಯೋಳು ಇರ್ತಾಳೆ ನೋಡು. ಮುಖ ಎತ್ತೇ, ಫೋಟೊ ಬರ್ಬೇಕು."

ಅವನ ಫೋನಿಗೆ ಮುಖ ತೋರಿಸಿದರೇ ನಮಗೆ ಹಾಜರಿ. ಹುಲಿಗೆವ್ವ ಮುಖ ಎತ್ತಿದಳು. ಕಣ್ಣು ತುಂಬಿದ್ದರೂ ಫೋನು ಅವಳನ್ನು ಗುರುತು ಹಿಡಿಯಿತು.

"ಅಳ್ಬೇಡ ಬೆಳ್‌ಬೆಳಗ್ಗೆ, ದರಿದ್ರ. ಈ ಭಾನ್ವಾರ ನಮ್ ರೋಡಿಗೇ ಬಸ್ ಬತ್ತದೆ. ಹೆಂಗಸ್ರ ಎದೆ ನೋಡೋ ಮಷೀನು ಅದ್ರೊಳಗೇ ಇರ್ತದಂತೆ. ಚೈತ್ರ ಮೇಡಂ ಹೆಂಗಸ್ರಿಗೆ ಅದೇನೋ ಜಾಗೃತಿ ವಾಕ್ ಇಟ್ಕಂಡವ್ರೆ. ಪೂರ್ತಿ ಫ್ರೀ. ಕೆಲ್ಸ ಮುಗ್ಸಿ ಹತ್ತಿ ಇಳ್ದು ಹೋಗು, ನಾನೇ ಹೇಳಿರ್ತೀನಿ. ರಜಾ ಯಾಕೆ ನಿಂಗೆ?" ಎಂದವನು ಬೆಂಕಿಪೊಟ್ಟಣವೊಂದನ್ನು ನನ್ನತ್ತ ಎಸೆದ. "ಅನ್ನಪೂರ್ಣ, ಏಳು ಗಂಟೆ ಒಳ್ಗೆ ಸುಟ್ಟು ಮುಗ್ಸು. ವಾಕಿಂಗ್‌ನೋರು ಬರೋ ಹೊತ್ಗೆ ಬೂದಿನೂ ಕಾಣ್ಬಾರ್ದು."

ಅನ್ನಪೂರ್ಣ ನಾನೇ. ಪಿಯುಸಿ ಪಾಸು. ಅದರಿಂದ ಯಾವ ಉಪಯೋಗವೂ ಆಗದೆ, ಅವ್ವ ತೀರಿಕೊಂಡ ಮೇಲೆ ಅವಳ ಪೊರಕೆಯನ್ನೇ ಹಿಡಿದೆ. ಆರು ವರ್ಷದಿಂದ ಹುಲಿಗೆವ್ವ ನನ್ನ ಜೋಡಿ. ಕೊಪ್ಪಳದ ಕಡೆಯವಳು, ನಲವತ್ತಮೂರು ವಯಸ್ಸು, ಗಂಡ ಇಲ್ಲ. ತಿಲಕ್ ನಗರದ ಒಂದೇ ವಠಾರದಲ್ಲಿ ಅವಳದೊಂದು ಕೋಣೆ, ನನ್ನದೊಂದು ಕೋಣೆ.

ನಾವು ಗುಡಿಸುವ ರಸ್ತೆಗಳಲ್ಲಿ ಮನೆಗಿಂತ ಮರ ಹೆಚ್ಚು. ನೆರಳು ಅವರಿಗೆ, ಎಲೆ ನಮಗೆ. ಎಲೆ ಒಯ್ಯುವ ಟ್ರ್ಯಾಕ್ಟರು ಹತ್ತು ದಿನಕ್ಕೊಮ್ಮೆ ಬಂದರೆ ಪುಣ್ಯ. ರಾಶಿ ಎರಡು ದಿನ ಬಿದ್ದಿದ್ದರೆ ರೆಸಿಡೆಂಟ್ಸ್ ಸಂಘದ ಚೈತ್ರ ಮೇಡಂ ಹೆಲ್ತ್ ಇನ್ಸ್‌ಪೆಕ್ಟರಿಗೆ ಫೋನು ಮಾಡುತ್ತಾರೆ. ಹಾವು ಬರುತ್ತದಂತೆ. ಇನ್ಸ್‌ಪೆಕ್ಟರು ಮೇಸ್ತ್ರಿಗೆ ಉಗಿಯುತ್ತಾನೆ, ಮೇಸ್ತ್ರಿ ನನ್ನ ಕೈಗೆ ಬೆಂಕಿಪೊಟ್ಟಣ ಕೊಡುತ್ತಾನೆ. ಕಸ ಸುಟ್ಟರೆ ದಂಡ ಎಂಬ ಬೋರ್ಡು ಮುಖ್ಯರಸ್ತೆಯಲ್ಲಿದೆ. ಅದಕ್ಕೇ ನಾವು ಮನೆಗಳ ಹಿಂದಿನ ಗಲ್ಲಿಯಲ್ಲಿ ಸುಡುತ್ತೇವೆ.

ಬರೀ ಎಲೆಯಾದರೆ ಇಷ್ಟು ಹೇಸಿಗೆ ಇರುತ್ತಿರಲಿಲ್ಲ. ಅದರೊಳಗೆ ಹೇಲು ಮೆತ್ತಿದ ಡೈಪರು, ರಕ್ತದ ಪ್ಯಾಡು, ಥರ್ಮಾಕೋಲು, ಹಾಲಿನ ಕವರು, ನಾಯಿಯ ಹೇಲನ್ನು ಅಚ್ಚುಕಟ್ಟಾಗಿ ಕಟ್ಟಿಟ್ಟ ಪ್ಲಾಸ್ಟಿಕ್ ಪೊಟ್ಟಣ. ನಾನು ಕಡ್ಡಿ ಗೀರುತ್ತೇನೆ, ಹುಲಿಗೆವ್ವ ಕೋಲು ಹಿಡಿದು ಕೆದಕುತ್ತಾಳೆ. ಕೆದಕದಿದ್ದರೆ ಹಸಿ ಕಸ ಉರಿಯುವುದಿಲ್ಲ. ಹಾಗಾಗಿ ಅವಳು ಹೊಗೆಯ ಒಳಗೇ ನಿಲ್ಲಬೇಕು. ಕೊಟ್ಟ ಮಾಸ್ಕು ಎರಡನೇ ದಿನಕ್ಕೆ ಕಪ್ಪು ಚಿಂದಿಯಾಗುತ್ತದೆ, ಮುಂದಿನದು ಬರುವುದು ಯಾರಾದರೂ ಸಾಹೇಬರು ಬರುವ ಹಿಂದಿನ ದಿನ. ಮನೆಗೆ ಹೋಗಿ ಮೂಗು ಸೀನಿದರೆ ಸಿಂಬಳ ಕಾಡಿಗೆಯಂತೆ ಬರುತ್ತದೆ. ಅದು ನಮಗೆ ಎಷ್ಟು ಅಭ್ಯಾಸವೆಂದರೆ, ಬೆಳ್ಳಗೆ ಬಂದ ದಿನ ಗಾಬರಿಯಾಗಬೇಕು.

ಗಂಟಿನ ವಿಷಯ ಅವಳು ಮೊದಲು ಹೇಳಿದ್ದು ನನಗೇ, ಐದು ತಿಂಗಳ ಹಿಂದೆ. ನಮ್ಮ ಕೋಟಿನ ಜೇಬು ಹರಿದು ಯಾವ ಕಾಲವಾಯಿತೋ. ಚಿಲ್ಲರೆ ಪರ್ಸು, ಎಲೆಅಡಿಕೆ ಚೀಲ, ಫೋನು, ಎಲ್ಲವೂ ನಮಗೆ ರವಿಕೆಯೊಳಗೇ. ಹುಲಿಗೆವ್ವನದು ಗಟ್ಟಿ ಜಿಪ್ಪಿನ ಪರ್ಸು, ಎಡಗಡೆಗೆ. ಬಗ್ಗಿ ಗುಡಿಸುವಾಗ ಅದು ದಿನವಿಡೀ ಒತ್ತುತ್ತದೆ. ಗಂಟು ಕೂಡ ಅದೇ ಜಾಗದಲ್ಲಿ ಎದ್ದಿತ್ತು. ನಮ್ಮಲ್ಲೆಲ್ಲ ಹಿರಿಯಳಾದ ಮುನಿಲಕ್ಷ್ಮಮ್ಮ ಕೈಯಿಂದ ಮುಟ್ಟಿ ನೋಡಿ, "ಪರ್ಸಿಂದೇ ಕಣಮ್ಮಿ ಇದು, ಜಡ್ಡುಗಟ್ಕಂಡದೆ. ನಂಗೂ ಹಿಂಗೇ ಆಗಿತ್ತು, ಹೋಯ್ತು. ಅರಿಶ್ನ ಸುಣ್ಣ ಹಚ್ಚು," ಎಂದಳು. ಪಿಯುಸಿ ಪಾಸಾದ ನಾನು ಏನು ಹೇಳಿದೆ ಗೊತ್ತೇ? "ಹೌದಕ್ಕ, ಪರ್ಸನ್ನ ಬಲಗಡೆಗೆ ಇಟ್ಕೊಂಡು ನೋಡು."

ಅವಳು ನನ್ನ ಮಾತು ಕೇಳಿದಳು. ಐದು ತಿಂಗಳು ಪರ್ಸನ್ನು ಬಲಗಡೆ ಇಟ್ಟುಕೊಂಡು ಎಡಗಡೆಯ ಗಂಟು ಕರಗುವುದನ್ನು ಕಾದಳು. ಅದು ಬೆಳೆಯಿತು. ತೊಟ್ಟು ಒಳಕ್ಕೆ ಸೇದಿಕೊಂಡಿತು. ಕಂಕುಳಲ್ಲಿ ಇನ್ನೊಂದು ಎದ್ದಿತು. ಕೊನೆಗೆ ನಾರುವ ನೀರು. ಈಗ ರವಿಕೆಯೊಳಗೆ ಹಳೆ ಸೀರೆಯ ಬಟ್ಟೆ ಮಡಿಸಿ ಇಟ್ಟುಕೊಂಡು ಬರುತ್ತಾಳೆ. ನನ್ನ ಓದಿಗೆ ಬೆಂಕಿ ಬೀಳಲಿ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಭಾನುವಾರ ಬೆಳಗ್ಗೆ ಅವಳು ತಲೆಗೆ ಎರೆದುಕೊಂಡಿದ್ದಳು. ಒಗೆದ ರವಿಕೆ, ಒಳಗೆ ಹೊಸ ಬಟ್ಟೆಯ ಮಡಿಕೆ, ಕತ್ತಿಗೆ ಪೌಡರು.

"ಡಾಕ್ಟ್ರು ಮುಟ್ಟಿ ನೋಡ್ತಾರಲ್ಲಬೇ, ಹೊಲಸ ಇರಬಾರದು," ಎಂದಳು.

ರಸ್ತೆ ಗುರುತೇ ಸಿಗುತ್ತಿರಲಿಲ್ಲ. ಗುಲಾಬಿ ಬಲೂನಿನ ಕಮಾನು, ಗುಲಾಬಿ ಬ್ಯಾನರು, ಪಾರ್ಕಿನ ಗೋಡೆಗೆ ಒತ್ತಿ ನಿಂತ ಗುಲಾಬಿ ಬಸ್ಸು. ಬಸ್ಸಿನ ಮೈಮೇಲೆ ನಗುವ ಹೆಂಗಸಿನ ಚಿತ್ರ. ಒಳಗೆ ಏಸಿ. ಹಿಂಬದಿಯಲ್ಲಿ ಜನರೇಟರು ಗುಡುಗುಡು ಎನ್ನುತ್ತಿತ್ತು.

ಒಂದೇ ರಸ್ತೆಯನ್ನು ಎರಡು ಸಲ ಗುಡಿಸಿದೆವು. ಎರಡನೇ ಸಲ ಮುಗಿಯುವಷ್ಟರಲ್ಲಿ ಚಲುವರಾಜು ಓಡಿ ಬಂದ. "ಆ ಮೂಲೆ ರಾಶಿ ಮೇಡಂ ಕಣ್ಣಿಗೆ ಬಿದ್ದದೆ. ಬೇಗ ಗಲ್ಲಿಗೆ ಹೊಡ್ದು ಸುಡ್ರಿ."

"ಇವತ್ತೊಂದಿನ ನಾನ್ ಒಬ್ಳೇ ಸುಡ್ತೀನಿ ಅಣ್ಣ. ಅಕ್ಕ ಸ್ನಾನ ಮಾಡ್ಕೊಂಡ್ ಬಂದೈತೆ, ಬಸ್ಸಿಗೆ ಹೋಗ್ಬೇಕು," ಎಂದೆ.

"ಸ್ನಾನ ಮಾಡ್ಕೊಂಡು ಬರೋಕೆ ಇವ್ಳೇನು ಮದ್ವೆ ಹೆಣ್ಣಾ? ಇಬ್ರೂ ಹೋಗ್ರೇ."

ಹೋದೆವು. ನಾನು ಕಡ್ಡಿ ಗೀರಿದೆ, ಅವಳು ಕೆದಕಿದಳು. ರಾತ್ರಿ ಮಂಜು ಬಿದ್ದು ನೆನೆದ ಕಸ, ಹಳದಿ ಹೊಗೆ ಎದ್ದು ಅವಳನ್ನು ಪೂರ್ತಿ ಮುಚ್ಚಿತು. ಹೊರಗೆ ಬಂದಾಗ ಪೌಡರು ಹಚ್ಚಿದ ಕತ್ತಿನ ಮೇಲೆ ಮಸಿ ಗೆರೆ ಕಟ್ಟಿತ್ತು. ಕೆಮ್ಮಿ ಉಗಿದಳು. ಕಪ್ಪು ಕಫ, ಬೆರಳಿನಷ್ಟು ದಪ್ಪ.

ಮೈಕಿನಲ್ಲಿ ಬಸ್ಸಿನ ಡಾಕ್ಟರಮ್ಮ ಮಾತಾಡುತ್ತಿದ್ದರು. ಗುಲಾಬಿ ಟೀಶರ್ಟಿನ ಇನ್ನೂರು ಹೆಂಗಸರು ಕೇಳುತ್ತಿದ್ದರು. "ಬರೀ ವಂಶದಿಂದ ಬರೋದಲ್ಲ ಇದು. ನಾವು ಉಸಿರಾಡೋ ಗಾಳಿ ಕೂಡ ಕಾರಣ ಇರಬಹುದು. ಹೊಗೆಯಲ್ಲಿರೋ ಸಣ್ಣ ಕಣಗಳು ಸ್ತನ ಕ್ಯಾನ್ಸರಿನ ರಿಸ್ಕ್ ಹೆಚ್ಚು ಮಾಡಬಹುದು ಅಂತ ಈಗ ಕೆಲವು ಅಧ್ಯಯನಗಳು ಹೇಳ್ತಿವೆ. ಸೋ ಲೇಡೀಸ್, ಮನೇಲಿ ಏರ್ ಪ್ಯೂರಿಫೈಯರ್ ಇಟ್ಕೊಳ್ಳಿ. ಕಸ ಸುಡೋ ಕಡೆ ವಾಕಿಂಗ್ ಹೋಗ್ಬೇಡಿ."

ಚಪ್ಪಾಳೆ. ಚೈತ್ರ ಮೇಡಂ ಎಲ್ಲರಿಗಿಂತ ಜೋರಾಗಿ ತಟ್ಟಿದರು.

"ಏನಂದ್ಲಬೇ ಆಕಿ?" ಹುಲಿಗೆವ್ವ ಕೇಳಿದಳು. ಅವಳಿಗೆ ಅರ್ಧ ಮಾತು ಅರ್ಥವಾಗಿರಲಿಲ್ಲ.

ನಾನು ಹೇಳಿದೆ. ಪರ್ಸಿನಿಂದ ಬಂದದ್ದಲ್ಲ ಎಂದೂ ಹೇಳಿದೆ. ಈ ಹೊಗೆಯಿಂದಲೂ ಬರಬಹುದಂತೆ ಎಂದೆ.

ಅವಳು ತನ್ನ ಕೈಯ ಕೋಲನ್ನು ನೋಡಿದಳು, ನನ್ನನ್ನು ನೋಡಿದಳು. "ಆರು ವರ್ಷ ನಾವಿಬ್ಬರೂ ಕೂಡಿ ಸುಟ್ಟೀವಲ್ಲ," ಎಂದಳು. ಅಷ್ಟೇ. ಅದಕ್ಕಿಂತ ನನ್ನ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಬಸ್ಸಿನ ಮೆಟ್ಟಿಲ ಬಳಿ ಅರ್ಪಿತ ಎಂಬ ಹುಡುಗಿ ಕತ್ತಿಗೆ ಕಾರ್ಡು ನೇತುಹಾಕಿಕೊಂಡು ಕೂತಿದ್ದಳು. ಹುಲಿಗೆವ್ವ ಚಪ್ಪಲಿ ಬಿಟ್ಟು ಎದುರು ನಿಂತಳು.

"ಆಂಟಿ, ಆ್ಯಪ್‌ನಲ್ಲಿ ರಿಜಿಸ್ಟರ್ ಮಾಡಿದೀರಾ? ನಲವತ್ತು ಸ್ಲಾಟ್ ಇತ್ತು ಅಷ್ಟೆ, ಫುಲ್ ಆಗಿದೆ."

"ಒಳಗೆ ಯಾರೂ ಇಲ್ವಲ್ಲ ಮೇಡಂ," ಎಂದೆ ನಾನು. ನಿಜಕ್ಕೂ ಇರಲಿಲ್ಲ. ಹೆಸರು ಬರೆಸಿ ಬಂದವರೆಲ್ಲ ಇಡ್ಲಿವಡೆಯ ಟೇಬಲ್ಲಿನ ಮುಂದಿದ್ದರು.

"ಹನ್ನೆರಡು ಜನ ಬಂದೇ ಇಲ್ಲ. ಆದ್ರೆ ನಾನು ಚೇಂಜ್ ಮಾಡಕ್ಕಾಗಲ್ಲ ಅಕ್ಕ, ಸಿಸ್ಟಮ್ ತಗೊಳಲ್ಲ."

ಅಷ್ಟರಲ್ಲಿ ಚೈತ್ರ ಮೇಡಂ ಬಂದರು. "ಹುಲಿಗೆವ್ವ! ರೋಡ್ ಸೂಪರಾಗಿ ಮಾಡಿದೀರ. ಬನ್ನಿ ಬನ್ನಿ, ಒಂದು ಫೋಟೊ." ಅವಳ ತಲೆಗೆ ಗುಲಾಬಿ ಟೋಪಿ ಹಾಕಿದರು, ಒಂದು ಮೊಳ ದೂರ ನಿಂತರು, ನಕ್ಕರು. ಫೋಟೊ ಆಯಿತು.

"ಮೇಡಂ, ನನಗ ಗಂಟ ಆಗೇತ್ರಿ. ಒಂದೀಟು ನೋಡ್ಸ್ರಿ. ನಿಮ್ಮ ಕಾಲ ಬೀಳ್ತೀನಿ," ಎಂದು ಹುಲಿಗೆವ್ವ ಬಗ್ಗಿದಳು.

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ, ಹಾಗೆಲ್ಲ ಮಾಡ್ಬೇಡಿ. ನೋಡಿ, ಒಳಗೆ ಏಸಿ, ಎಲ್ಲಾ ಕ್ಲೋಸ್ಡ್. ನಿಮ್ಮ ಹತ್ರ ಹೊಗೆ ವಾಸನೆ ತುಂಬಾ ಇದೆ, ಮತ್ತೆ ಇನ್ನೂ ಏನೋ… ಬೇರೆಯವರಿಗೆ ಕಷ್ಟ ಆಗುತ್ತೆ. ನಿಮಗೆ ಸರ್ಕಾರಿ ಆಸ್ಪತ್ರೆ ಫ್ರೀ ಅಲ್ವಾ? ಅಲ್ಲಿಗೆ ಹೋಗಿ."

"ರಜಾ ಕೊಡಂಗಿಲ್ರಿ."

"ನಾನು ಮಾತಾಡ್ತೀನಿ," ಎಂದು ಮೇಡಂ ಇಡ್ಲಿಯ ಕಡೆ ನಡೆದರು. ಇಡ್ಲಿ ತಟ್ಟೆ ಹಿಡಿದಿದ್ದ ಒಬ್ಬಾಕೆ ಕರ್ಚೀಫು ತೆಗೆದು ಮೂಗಿಗೆ ಹಿಡಿದಳು. ಚಲುವರಾಜುವಿನ ಮುಖ ನೋಡಿದೆ. ನಾನೇ ಹೇಳಿರ್ತೀನಿ ಎಂದಿದ್ದ ಸೂಳೆಮಗ ಫೋನು ತೀಡುತ್ತಾ ಮರದ ಕಡೆ ತಿರುಗಿದ.

ಹತ್ತೂವರೆಗೆ ಎಲ್ಲ ಮುಗಿಯಿತು. ಟೀಶರ್ಟುಗಳು ಕಾರು ಹತ್ತಿದವು. ಡಾಕ್ಟರಮ್ಮ, ಅರ್ಪಿತ ಬಸ್ಸು ಹತ್ತಿ ಬಾಗಿಲು ಹಾಕಿಕೊಂಡರು. ಉಳಿದದ್ದು ನಮಗೆ: ಸಾಂಬಾರು ಮೆತ್ತಿದ ತಟ್ಟೆ, ಕಾಗದದ ಲೋಟ, ಒಡೆದ ಬಲೂನು, ಎದೆಯನ್ನು ಹೇಗೆ ಪರೀಕ್ಷಿಸಿಕೊಳ್ಳಬೇಕೆಂದು ಚಿತ್ರ ಬರೆದ ಚೀಟಿಗಳು. ಮೂರು ತಳ್ಳುಗಾಡಿ ತುಂಬಿತು. ತಟ್ಟೆಗಳ ನಡುವೆ ಯಾರೋ ತಾಯಿ ಸುತ್ತಿ ಎಸೆದ ಡೈಪರೂ ಇತ್ತು.

"ಗಲ್ಲಿಗೆ ಹಾಕಿ ಬೆಂಕಿ ಕೊಡ್ರಿ," ಎಂದ ಮೇಸ್ತ್ರಿ.

ಹುಲಿಗೆವ್ವ ಮೊದಲ ಗಾಡಿ ತಳ್ಳಿದಳು. ಗಲ್ಲಿ ಬಂತು, ಅವಳು ತಿರುಗಲಿಲ್ಲ. ನೆಟ್ಟಗೆ ಹೋಗಿ ಬಸ್ಸಿನ ಮುಂದಿನ ಗಾಲಿಗಳ ಎದುರು ಗಾಡಿಯನ್ನು ಬೋರಲು ಹಾಕಿದಳು. ತಲೆಯ ಟೋಪಿಯನ್ನೂ ಕಿತ್ತು ಅದರ ಮೇಲೆಸೆದು, ಆ ಕಸದ ಮೇಲೇ ಕೂತಳು.

"ಏಯ್ ಲೌಡಿ! ತಲೆ ಕೆಟ್ಟಿದ್ಯಾ? ಎದ್ದೇಳೇ!"

"ಏಳಂಗಿಲ್ಲ. ನನ್ನ ನೋಡೂಮಟಾ ಈ ಗಾಡಿ ಹೋಗಂಗಿಲ್ಲ."

"ನಾಳೆಯಿಂದ ಹಾಜ್ರಿ ಇಲ್ಲ ನಿಂಗೆ!"

"ಇಟ್ಕೋ ನಿನ್ನ ಹಾಜ್ರಿ. ನಾನ ಇರ್ತೀನೋ ಇಲ್ಲೋ ಗೊತ್ತಿಲ್ಲ, ಹಾಜ್ರಿ ತಗೊಂಡ ಏನ ಮಾಡ್ಲಿ? ಹಾಟ್ಯಾ."

ಅವಳ ಬಾಯಲ್ಲಿ ಬೈಗುಳ ನಾನು ಕೇಳಿದ್ದು ಅದೇ ಮೊದಲು. ಚಲುವರಾಜು ನನ್ನ ಕಡೆ ತಿರುಗಿದ. "ನೀನ್ ಓದಿರೋಳು, ನೀನಾದ್ರೂ ಬುದ್ಧಿ ಹೇಳೇ!"

ನಾನು ಎರಡನೇ ಗಾಡಿಯನ್ನು ತಂದು ಬಸ್ಸಿನ ಮೆಟ್ಟಿಲ ಮೇಲೆ ಸುರಿದೆ. ಸಾಂಬಾರು ಗಾಜಿನ ಬಾಗಿಲ ಮೇಲೆ ಇಳಿಯಿತು. ಅರ್ಪಿತ ಒಳಗಿನಿಂದ ಚೀರಿದಳು. ಅಷ್ಟು ಸುಖ ನನಗೆ ಎಂದೂ ಸಿಕ್ಕಿರಲಿಲ್ಲ.

ಡ್ರೈವರು ಹಾರ್ನ್ ಒತ್ತಿ ಹಿಡಿದ. ಇನ್ನೂ ಹೊರಡದಿದ್ದ ಚೈತ್ರ ಮೇಡಂ ದೂರದಿಂದಲೇ "ಪೊಲೀಸ್ ಕರೀರಿ ಯಾರಾದ್ರೂ" ಎಂದು ಕೂಗಿದರು. ಜನರೇಟರಿನ ಹೊಗೆ ಬಸ್ಸಿನ ಅಡಿಯಿಂದ ಬಂದು ಹುಲಿಗೆವ್ವನ ಮುಖಕ್ಕೇ ಬಡಿಯುತ್ತಿತ್ತು. ಅವಳು ಕೆಮ್ಮುತ್ತಾ, ಎಡ ಎದೆಗೆ ಮೊಣಕೈ ಒತ್ತಿಕೊಂಡು ಕೂತೇ ಇದ್ದಳು. ಬಟ್ಟೆಯ ಮಡಿಕೆ ದಾಟಿ ಒಗೆದ ರವಿಕೆಯ ಮೇಲೆ ಕಂದು ಕಲೆ ಹರಡುತ್ತಿತ್ತು.

ಮುನಿಲಕ್ಷ್ಮಮ್ಮ ಇಷ್ಟು ಹೊತ್ತೂ ಮೂರನೇ ಗಾಡಿ ಹಿಡಿದು ಸುಮ್ಮನೆ ನಿಂತಿದ್ದಳು. ಈಗ ಗಾಡಿಯೊಳಗೆ ಕೈ ಹಾಕಿ ಆ ಡೈಪರನ್ನು ಹುಡುಕಿ ತೆಗೆದಳು. ಹಸಿಯಾಗಿ, ಭಾರವಾಗಿ ತೊಟ್ಟಿಕ್ಕುತ್ತಿತ್ತು. ಬಸ್ಸಿನ ಹಿಂದೆ ಹೋಗಿ, ಜನರೇಟರು ಹೊಗೆ ಉಗುಳುವ ಕೊಳವೆಯ ಬಾಯಿಗೆ ಅದನ್ನಿಟ್ಟು, ಪೊರಕೆಯ ಹಿಡಿಯಿಂದ ಒಳಕ್ಕೆ ಜಡಿದಳು.

"ನೀನೇ ಕುಡಿ ನಿನ್ ಹೊಗೇನ, ಬೋಳಿಮಗಂದೇ," ಎಂದಳು.

ಜನರೇಟರು ಎರಡು ಸಲ ಬಿಕ್ಕಿ ನಿಂತುಹೋಯಿತು. ಒಳಗೆ ಏಸಿಯೂ ನಿಂತಿತು. ಸ್ವಲ್ಪ ಹೊತ್ತಿಗೆ ಬಸ್ಸಿನ ಕಿಟಕಿಯ ಗಾಜು ನಾಲ್ಕು ಬೆರಳಿನಷ್ಟು ಸರಿಯಿತು. ಡಾಕ್ಟರಮ್ಮನ ಕನ್ನಡಕ ಕಂಡಿತು.

"ಏನಾಗ್ತಿದೆ ಇಲ್ಲಿ? ಏನ್ ಬೇಕು ನಿಮಗೆಲ್ಲ?"

ಹುಲಿಗೆವ್ವ ಕಸದ ಮೇಲೆ ಕೈ ಊರಿ ಎದ್ದಳು.

"ಬಾಗಲಾ ತೆಗಿಯವ್ವಾ," ಎಂದಳು. "ನಾನ ಒಬ್ಬಾಕಿನ ಅದೀನಿ. ಭಾಳ ಹೊತ್ತ ಹಿಡಿಯಂಗಿಲ್ಲ."

ಡಾಕ್ಟರಮ್ಮ ಅವಳ ರವಿಕೆಯ ಮೇಲಿನ ಕಲೆಯನ್ನು ನೋಡಿದರು. ನೋಡಿದ್ದನ್ನು ನಾನು ಕಂಡೆ. ಆಮೇಲೆ ಗಾಜು ಮತ್ತೆ ಮುಚ್ಚಿಕೊಂಡಿತು, ಬಾಗಿಲು ತೆರೆಯಲಿಲ್ಲ. ಹುಲಿಗೆವ್ವ ಮತ್ತೆ ಕಸದ ಮೇಲೆ ಕೂತಳು. ನಾನೂ ಹೋಗಿ ಅವಳ ಪಕ್ಕ ಕೂತೆ.